ಹದಿನೇಳನೇ ಕಿಟಕಿಯಲ್ಲಿ ಕೇಳಿ

ನಮ್ಮ ಕಚೇರಿಯ ಕಂಪ್ಯೂಟರಿಗೆ ಇಪ್ಪತ್ತಮೂರು ವರ್ಷ, ನನಗೆ ಐವತ್ತೊಂಬತ್ತು. ನಮ್ಮಿಬ್ಬರನ್ನೂ ಒಂದೇ ವರ್ಷ ಮನೆಗೆ ಕಳಿಸುವ ಏರ್ಪಾಡಾಗಿತ್ತು. ಅದರಲ್ಲಿ ಕಂಪ್ಯೂಟರಿನ ಬೀಳ್ಕೊಡುಗೆಗೆ ಮಾತ್ರ ಮಂತ್ರಿಗಳು ಬರುವವರಿದ್ದರು.

ನಮ್ಮದು ವಾಸಸ್ಥಳ ನೋಂದಣಿ ಕಚೇರಿ. ಮನೆ ಬದಲಾಯಿಸಿದವರು ಹದಿನೈದು ದಿನದೊಳಗೆ ಬಂದು ಹೊಸ ವಿಳಾಸ ಬರೆಸಬೇಕು. ಬರೆಸದಿದ್ದರೆ ಮಕ್ಕಳಿಗೆ ಶಾಲೆಯಿಲ್ಲ, ಆಸ್ಪತ್ರೆಯ ಚೀಟಿಯಿಲ್ಲ, ವೋಟಿಲ್ಲ. ಇನ್ನೊಬ್ಬರ ವಿಳಾಸ ಬೇಕಾದವರು ಕಾರಣ ಬರೆದು ಅರ್ಜಿ ಕೊಟ್ಟರೆ ಅದರ ನಕಲನ್ನೂ ನಾವೇ ಕೊಡಬೇಕು. ಹಳೆಯ ಸಹಪಾಠಿ, ಮಾತು ಬಿಟ್ಟ ಅಣ್ಣತಮ್ಮಂದಿರು, ಕೋರ್ಟಿನ ನೋಟೀಸು, ಹೀಗೆ ಕಾರಣಗಳಿಗೆ ಬರವಿಲ್ಲ. ಉದ್ದನೆಯ ಹಾಲಿನಲ್ಲಿ ಗಾಜಿನ ಇಪ್ಪತ್ತು ಕಿಟಕಿಗಳಿವೆ. ಹದಿನೇಳನೆಯದು ನನ್ನದು. ನಕಲಿನ ಕೆಳಗೆ ಕಿಟಕಿಯವರ ಸಹಿ ಬೀಳುತ್ತದೆ, ಅದರ ಮೇಲೊಂದು ಸೀಲು. ನನ್ನ ಸಹಿಯ ಕೊನೆಯ ಗೆರೆ ಕಾಗದದ ಅಂಚಿನವರೆಗೂ ಓಡುತ್ತದೆ. "ಮೇಡಂ, ನಿಮ್ಮ ಸಹಿಗೆ ಬಾಲ ಇದೆ, ಬಾಗ್ಲಿಗೆ ಸಿಕ್ಕಿಹಾಕ್ಕೊಂಡೀತು" ಎಂದು ಹದಿನಾರನೇ ಕಿಟಕಿಯವನು ರೇಗಿಸುತ್ತಲೇ ಇರುತ್ತಾನೆ. ಅವನಿಗೆ ನಾವಿಟ್ಟ ಹೆಸರು "ಮುಂದಿನವರು". ಮೂವತ್ತು ವರ್ಷ ಕಿಟಕಿಯಲ್ಲಿ "ಮುಂದಿನವರು!" ಎಂದು ಕೂಗಿ ಕೂಗಿ, ಹೆಂಡತಿ ಎರಡನೇ ಸಲ ಬಡಿಸಲು ಬಂದಾಗಲೂ ಹಾಗೇ ಕೂಗಿ ಬೈಸಿಕೊಂಡನಂತೆ.

ಹಳೆಯ ಕಂಪ್ಯೂಟರಿನ ಮೇಲೆ ನನಗೆ ಕುರುಡು ಮಮತೆಯೇನೂ ಇರಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಒಂದು ವಿಳಾಸಕ್ಕೆ ಏಳು ಪುಟ ದಾಟಬೇಕು, ನಡುವೆ ಒಂದು ಗುಂಡಿ ತಪ್ಪಿದರೆ ಮತ್ತೆ ಮೊದಲಿನಿಂದ. ಅರ್ಜಿ ಕೊಟ್ಟವರ ಕೈಗೆ ನಕಲು ಸೇರಲು ಹನ್ನೆರಡು ದಿನ. ಒಬ್ಬ ಅಜ್ಜ ತನ್ನ ಅಣ್ಣನ ವಿಳಾಸ ಕೇಳಿಕೊಂಡು ಆರು ಸಲ ಬಂದ. ನಾವು ಕೊಡುವ ಹೊತ್ತಿಗೆ ಆ ಅಣ್ಣನಿಗೆ ಯಾವ ವಿಳಾಸವೂ ಬೇಕಿರಲಿಲ್ಲ. ಅಜ್ಜ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು "ಆಯ್ತು" ಅಂದ, ಅಷ್ಟೇ. ಇಂಥದ್ದನ್ನೆಲ್ಲ ಗಾಜಿನ ಈಚೆ ಕೂತು ನೋಡಿದವಳು ನಾನು. ಹೊಸದು ಬರುತ್ತದೆ ಅಂದಾಗ ಮುಖ ಗಂಟಿಕ್ಕಿದವರಲ್ಲಿ ನಾನಿರಲಿಲ್ಲ.

ಹೊಸದನ್ನು ತಂದವನು ಮೂವತ್ತೈದರ ಆಸುಪಾಸಿನ ಸಣಕಲು ಎಂಜಿನಿಯರ್. ಮೊದಲ ದಿನದ ಭಾಷಣದಲ್ಲಿ "ಹೊಸ ಆಲೋಚನೆ" ಅನ್ನುವ ಮಾತನ್ನು ಹದಿನಾಲ್ಕು ಸಲ ಹೇಳಿದ. ಎಣಿಸಿದ್ದು ಮುಂದಿನವರು. ಊಟದ ಹೊತ್ತಿಗೆಲ್ಲ ಅವನಿಗೆ ಹೊಸ ಆಲೋಚನೆ ಎಂದೇ ಹೆಸರು ಬಿದ್ದಿತ್ತು. ಮುರಿದ ಕುರ್ಚಿಗಳನ್ನು ಪೇರಿಸಿಟ್ಟಿದ್ದ ಉಗ್ರಾಣವನ್ನು ಅವನಿಗೂ ಅವನ ನಾಲ್ಕು ಜನರಿಗೂ ಬಿಟ್ಟುಕೊಟ್ಟರು. ನಾಲ್ಕು ತಿಂಗಳು ಅಲ್ಲೇ ಕೂತು ಏನೇನೋ ಕುಟ್ಟುತ್ತಿದ್ದರು. ಕುರ್ಚಿಗಳನ್ನು ಮಾತ್ರ ಯಾರೂ ಸಾಗಿಸಿರಲಿಲ್ಲ. ಅವರು ಕೂತದ್ದೇ ಅವುಗಳ ಮೇಲೆ.

ಹೊಸ ವ್ಯವಸ್ಥೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಶುರುವಾಗಬೇಕಿತ್ತು. ಅದರ ಹಿಂದಿನ ಮಂಗಳವಾರ ಎಲ್ಲರನ್ನೂ ಕರೆದು ಕೂರಿಸಿ ಗೋಡೆಯ ಮೇಲೆ ತೋರಿಸಿದ. ಇನ್ನು ಕಿಟಕಿಗೆ ಬರಬೇಕಾಗಿಲ್ಲ. ಮನೆಯಲ್ಲೇ ಕೂತು ತಮ್ಮ ಗುರುತಿನ ಸಂಖ್ಯೆ ಕೊಟ್ಟು, ಬೇಕಾದವರ ಹೆಸರು, ಹುಟ್ಟಿದ ವರ್ಷ ಒತ್ತಿದರೆ ಎರಡು ನಿಮಿಷದಲ್ಲಿ ವಿಳಾಸದ ನಕಲು. ಹನ್ನೆರಡು ದಿನದ ಕೆಲಸ ಎರಡು ನಿಮಿಷಕ್ಕೆ. ನಾನೂ ಚಪ್ಪಾಳೆ ತಟ್ಟಿದೆ, ಆ ಅಜ್ಜ ನೆನಪಾದ.

ಆಮೇಲೆ ಹಳೆಯ ದಾಖಲೆಗಳಲ್ಲಿದ್ದ ಕಸ ತೋರಿಸಿದ. ಎರಡು ಸಲ ಹುಟ್ಟಿದವರು, ಇನ್ನೂ ಹುಟ್ಟದೇ ಮನೆ ಬದಲಾಯಿಸಿದವರು. ನಗು ತಡೆಯಲಾಗಲಿಲ್ಲ. ಹಾಗೇ ಒಂದು ಪಟ್ಟಿ ಬಂತು.

"ಇದು ನನಗೆ ಅರ್ಥ ಆಗ್ಲಿಲ್ಲ" ಅಂದ. "ಫೋನ್ ನಂಬರ್ ಕಾಲಮ್ಮಿನಲ್ಲಿ ಬರೀ ಹದಿನೇಳು ಅಂತಿದೆ. ಇನ್ನೂರ ಹನ್ನೆರಡು ಜನಕ್ಕೆ. ಇಷ್ಟು ಜನರ ಫೋನ್ ನಂಬರ್ ಹದಿನೇಳು ಇರೋಕೆ ಸಾಧ್ಯನಾ?"

ಹಾಲಿನಲ್ಲಿ ಯಾರೂ ನನ್ನ ಕಡೆ ತಿರುಗಲಿಲ್ಲ. ಅಷ್ಟು ಜನ ಒಟ್ಟಿಗೆ ನೋಡದೇ ಇದ್ದುದರಿಂದಲೇ ಎಲ್ಲರೂ ನೋಡಿದಂತಾಯಿತು.

ನಮ್ಮ ಸಾಹೇಬರು ಬೇರೆ ಇಲಾಖೆಯಿಂದ ಬಂದು ಎರಡು ವರ್ಷವಾಗಿತ್ತಷ್ಟೆ, ಕಿಟಕಿಗಳ ಕಡೆ ಬರುವುದು ಅಪರೂಪ. "ಯಾರೋ ಸೋಂಬೇರಿ ತುಂಬಿರಬೇಕು. ಅಳಿಸಿಹಾಕಿ" ಅಂದರು. ಹೊಸ ಆಲೋಚನೆ ಏನೋ ಗುರುತು ಹಾಕಿಕೊಂಡ. ಮುಂದಿನ ಪಟ್ಟಿ ಬಂತು.

ಆ ಸೋಂಬೇರಿ ನಾನೇ.

ಹತ್ತೊಂಬತ್ತು ವರ್ಷದ ಹಿಂದೆ ನನ್ನ ಕಿಟಕಿಗೆ ಒಬ್ಬ ಮನುಷ್ಯ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಮೆತ್ತನೆ ಮಾತು. ಹೆಂಡತಿ ಮುನಿಸಿಕೊಂಡು ಬೇರೆ ಮನೆ ಮಾಡಿದ್ದಾಳೆ, ಅವಳ ತಾಯಿಗೆ ತೀರಾ ಹುಷಾರಿಲ್ಲ, ಸುದ್ದಿ ಮುಟ್ಟಿಸಬೇಕು ಅಂದ. ಅರ್ಜಿ ಸರಿಯಿತ್ತು, ಕಾರಣ ಸರಿಯಿತ್ತು. ಹನ್ನೆರಡು ದಿನ ಕಾಯಿಸುವುದು ಪಾಪ ಅನ್ನಿಸಿ ನಾನೇ ಕೈಯಾರೆ ಫೈಲು ಮುಂದಕ್ಕೆ ತಳ್ಳಿ ಮೂರೇ ದಿನಕ್ಕೆ ನಕಲು ಮಾಡಿಕೊಟ್ಟೆ. ಬಾಲದ ಸಹಿ, ಸೀಲು. ಅವನು ಮೂರು ಸಲ ಥ್ಯಾಂಕ್ಸ್ ಹೇಳಿದ. ಆ ದಿನವೆಲ್ಲ ನನ್ನನ್ನು ನಾನೇ ಮೆಚ್ಚಿಕೊಂಡು ಓಡಾಡಿದ್ದೆ.

ಹದಿನೈದು ದಿನದ ಮೇಲೆ ಅವಳು ಬಂದಳು. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರ್, ತುಟಿಯ ಮೇಲೆ ಹೊಲಿಗೆ. ನಾಲ್ಕು ವರ್ಷದ ಹುಡುಗಿ ಅವಳ ಸೆರಗಿನಂಚು ಹಿಡಿದು ನಿಂತಿತ್ತು. ವಿಳಾಸ ಬದಲಾಯಿಸಬೇಕು ಅಂದಳು. ಹೆಸರು ಓದುತ್ತಿದ್ದಂತೆ ನನಗೆ ಎಲ್ಲ ತಿಳಿಯಿತು. ಎಡಗೈಯಲ್ಲಿ ಕಷ್ಟಪಟ್ಟು ಸಹಿ ಹಾಕಿ, ತಲೆಯೆತ್ತಿ, "ನನ್ನ ಹಳೇ ಅಡ್ರೆಸ್ ಕೊಟ್ಟೋರು ಯಾರು ಮೇಡಂ?" ಅಂತ ಕೇಳಿದಳು. ಕೋಪದಿಂದಲ್ಲ. ಬಸ್ಸು ಎಷ್ಟು ಹೊತ್ತಿಗೆ ಅನ್ನುವ ಹಾಗೆ.

"ರೆಕಾರ್ಡ್ ನೋಡಿ ಹೇಳ್ಬೇಕಾಗುತ್ತೆ" ಅಂದೆ.

ಅವಳು ಮತ್ತೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆ ಒಂದು ವಾಕ್ಯ ನೆನಪಾದರೆ ಇಂದಿಗೂ ನನ್ನ ಮೇಲೆ ನನಗೇ ಅಸಹ್ಯ.

ಅವತ್ತೇ ಅವಳ ಹೊಸ ದಾಖಲೆಗೆ ಏನಾದರೂ ಗುರುತು ಹಾಕಬೇಕೆಂದು ನೋಡಿದೆ. "ಇವರ ವಿಳಾಸ ಯಾರಿಗೂ ಕೊಡಬೇಡಿ" ಎಂದು ಬರೆಯಲು ಆ ಹಸಿರು ಪರದೆಯಲ್ಲಿ ಜಾಗವೇ ಇರಲಿಲ್ಲ. ಒಂದು ಕಾಲಮ್ ಕೊಡಿ ಎಂದು ಮೂರು ಸಲ ಮೇಲಕ್ಕೆ ಬರೆದೆ, ಮೂರು ಸಲವೂ "ಪರಿಶೀಲನೆಯಲ್ಲಿದೆ" ಎಂದು ಉತ್ತರ ಬಂತು. ಈಗಲೂ ಪರಿಶೀಲನೆಯಲ್ಲೇ ಇರಬೇಕು. ಫೋನ್ ನಂಬರಿನ ಕಾಲಮ್ ಮಾತ್ರ ಏನು ಕೊಟ್ಟರೂ ನುಂಗುತ್ತಿತ್ತು. ಅಲ್ಲಿ ನನ್ನ ಕಿಟಕಿಯ ಸಂಖ್ಯೆ ಹಾಕಿದೆ. ಕಿಟಕಿಯವರಿಗೆಲ್ಲ ಹೇಳಿದೆ: ಹದಿನೇಳು ಕಂಡರೆ ನಕಲು ಕೊಡಬೇಡಿ, ನನ್ನ ಹತ್ತಿರ ಕಳಿಸಿ. ಬಂದವರಿಗೆ ನಾನು ಹುಡುಕಿದ ಹಾಗೆ ಮಾಡಿ "ಈ ಹೆಸರಲ್ಲಿ ಯಾರೂ ಸಿಗ್ತಿಲ್ಲ" ಅನ್ನುತ್ತಿದ್ದೆ. ಕೋರ್ಟಿನ ಕಾಗದ ಬಂದರೆ ನಾನೇ ಹೋಗಿ ಮುಟ್ಟಿಸಿ ಸಹಿ ತರುತ್ತಿದ್ದೆ.

ಬರಬರುತ್ತಾ ಊರಿನ ಡಾಕ್ಟರುಗಳು, ಟೀಚರುಗಳು "ಹದಿನೇಳನೇ ಕಿಟಕಿಗೆ ಹೋಗಿ" ಎಂದು ಹೆಂಗಸರನ್ನು ಕಳಿಸತೊಡಗಿದರು. ಗಂಡಸರೂ ಇದ್ದರು, ಆರು ಜನ. ಹೀಗೆ ಇನ್ನೂರ ಹನ್ನೆರಡಾಯಿತು. ಕಾಗದದಲ್ಲಿ ಎಲ್ಲೂ ಇಲ್ಲದ ನಿಯಮ. ಹೊಸಬರು ಬಂದರೆ ಮುಂದಿನವರು ಊಟದ ಹೊತ್ತಿನಲ್ಲಿ ಬಾಯಲ್ಲೇ ಹೇಳಿಕೊಡುತ್ತಿದ್ದ. ಸಾಹೇಬರುಗಳು ಬಂದರು, ಹೋದರು. ಅವರಿಗೆ ಯಾರೂ ಹೇಳಲಿಲ್ಲ.

ಈಗ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಇನ್ನೂರ ಹನ್ನೆರಡು ಬಾಗಿಲುಗಳ ವಿಳಾಸ ಎರಡೇ ನಿಮಿಷಕ್ಕೆ ಕೇಳಿದವರ ಕೈಗೆ ಸಿಗಲಿತ್ತು.

ಬುಧವಾರ ಊಟದ ಹೊತ್ತಿನಲ್ಲಿ ಮುಂದಿನವರು ಕುರ್ಚಿ ಎಳೆದುಕೊಂಡು ಹತ್ತಿರ ಬಂದ. "ಮೇಡಂ, ಯೋಚ್ನೆ ಮಾಡ್ಬೇಡಿ. ಇವತ್ತು, ನಾಳೆ, ನಾಳಿದ್ದು, ಮೂರು ದಿನ ಇದೆ. ಇಬ್ರೂ ಕೂತು ಅಷ್ಟೂ ಜನರ ಅಡ್ರೆಸ್ ತಪ್ಪು ಬರೆದುಬಿಡೋಣ. ಇಬ್ರೇ ಸಾಕು."

"ಆಮೇಲೆ ಅವರ ಮಕ್ಕಳ ಸ್ಕೂಲು?"

"ಅದೊಂದಿದೆ ಅಲ್ವಾ" ಎಂದು ತಲೆ ಕೆರೆದುಕೊಂಡ. "ಹಾಗಾದ್ರೆ ಹೊಸ ಆಲೋಚನೆಗೆ ಹೇಳಿ. ಆದ್ರೆ ಹೇಳಿದ್ರೆ ನಿಮ್ಮ ಕುತ್ತಿಗೆಗೇ ಬರುತ್ತೆ" ಅಂದ.

ಅದು ನನಗೂ ಗೊತ್ತಿತ್ತು. ಸರ್ಕಾರಿ ದಾಖಲೆಯಲ್ಲಿ ಬೇಕೆಂದೇ ಸುಳ್ಳು ತುಂಬುವುದು ಸಣ್ಣ ತಪ್ಪಲ್ಲ. ವಿಚಾರಣೆ ಶುರುವಾದರೆ ನಿವೃತ್ತಿಯ ಕಾಗದಗಳೆಲ್ಲ ನಿಂತ ಜಾಗದಲ್ಲೇ ನಿಲ್ಲುತ್ತವೆ. ನನಗೆ ಉಳಿದಿದ್ದು ಎಂಟೇ ತಿಂಗಳು.

ಸಂಜೆ ಮನೆಯಲ್ಲಿ ನಮ್ಮ ಯಜಮಾನರಿಗೆ ಹೇಳಿದೆ. ಅವರು ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಈಗಲೂ ಸೋಫಾದಿಂದ ಏಳುವ ಮುಂಚೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡುತ್ತಾರೆ. ಹದಿನೇಳರ ಕತೆ ಅವರಿಗೆ ಗೊತ್ತಿತ್ತು, ಅದು ಶುರುವಾದದ್ದು ಹೇಗೆಂದು ಗೊತ್ತಿರಲಿಲ್ಲ. ಇಸ್ತ್ರಿ ಅಂಗಿಯವನಿಗೆ ನಕಲು ಕೊಟ್ಟವಳು ನಾನೇ ಎಂದು ಅವತ್ತು ಮೊದಲ ಬಾರಿ ಬಾಯಿಬಿಟ್ಟೆ. ಅವರು ಬಟಾಣಿ ಸುಲಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಹತ್ತೊಂಬತ್ತು ವರ್ಷ ನನಗೂ ಹೇಳ್ಲಿಲ್ಲವಲ್ಲೇ" ಅಂದರು.

"ಹೇಳಿದ್ರೆ ನೀವು ನನ್ನ ಹೇಗೆ ನೋಡ್ತೀರೋ ಅಂತ ಭಯ ಆಯ್ತು ರೀ."

"ಈಗ ನೋಡ್ತಿದ್ದೀನಲ್ಲ. ಹೇಗೆ ನೋಡ್ತಿದ್ದೀನಿ?"

ನಾನು ಮುಖ ನೋಡಿದೆ. ಎಂದಿನ ಮುಖವೇ. ಅಳು ಬಂತು, ಅತ್ತೆ. ಅವರು ಸಿಪ್ಪೆಯನ್ನೆಲ್ಲ ಪೇಪರಿನಲ್ಲಿ ಮಡಿಚಿ ಎದ್ದರು, ಬಲಕ್ಕೊಮ್ಮೆ ಎಡಕ್ಕೊಮ್ಮೆ ನೋಡಿ. "ಮುಂದೆ ಜನ ಕಂಡ್ಮೇಲೆ ಬ್ರೇಕ್ ಹಾಕ್ಬೇಕು. ಹಿಂದಿನ ಗಾಡಿ ಗುದ್ದುತ್ತೆ ಅಂತ ಯಾರೂ ಲೆಕ್ಕ ಹಾಕ್ತಾ ಕೂರಲ್ಲ" ಎಂದು ಹೇಳಿ ಒಳಗೆ ಹೋದರು. ಗುರುವಾರವಿಡೀ ಧೈರ್ಯ ಕೂಡಿಸಿಕೊಳ್ಳುವುದರಲ್ಲೇ ಹೋಯಿತು.

ಶುಕ್ರವಾರ ಬೆಳಿಗ್ಗೆ ಉಗ್ರಾಣದ ಬಾಗಿಲು ತಟ್ಟಿದೆ. ಹೊಸ ಆಲೋಚನೆ ಕೈ ಮುರಿದ ಕುರ್ಚಿಯಲ್ಲಿ ಒಂದು ಕಡೆ ವಾಲಿ ಕೂತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಇಸ್ತ್ರಿ ಅಂಗಿಯಿಂದ ಹಿಡಿದು ಇನ್ನೂರ ಹನ್ನೆರಡರವರೆಗೆ. ಅವನ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿತು.

"ನಿನ್ನೆ ಸಾಯಂಕಾಲ ಅಳಿಸಿಬಿಟ್ಟೆ ಮೇಡಂ" ಅಂದ.

ಅಲ್ಲಿದ್ದ ಇನ್ನೊಂದು ಮುರುಕು ಕುರ್ಚಿಯಲ್ಲಿ ಕುಸಿದೆ. "ಹಳೇದರಲ್ಲಿ ಇನ್ನೂ ಇದೆ, ಹೊಸದರಿಂದ ಅಳಿಸಿದ್ದು ಅಷ್ಟೇ. ಪಟ್ಟಿ ತೆಗೀಬಹುದು" ಎಂದು ಅವನೇ ಗಡಬಡಿಸಿ ಹೇಳಿದ. ಆಮೇಲೆ ಸಿಟ್ಟು ಬಂತು ಅವನಿಗೆ. "ನಾಲ್ಕು ತಿಂಗಳಿಂದ ಇಲ್ಲಿದ್ದೀನಿ. ಒಬ್ಬರಾದ್ರೂ ಹೇಳ್ಬಾರ್ದಾ?"

"ನೀವು ಕೇಳ್ಲಿಲ್ಲ."

"ಕೇಳಿದ್ನಲ್ಲ! ಎಲ್ರಿಗೂ ನಲವತ್ತು ಪ್ರಶ್ನೆ ಕಳಿಸಿದ್ದೆ."

"ಅದರಲ್ಲಿ ನೀವು ದಿನಾ ಯಾವ ಸುಳ್ಳು ಹೇಳ್ತೀರಿ ಅನ್ನೋ ಪ್ರಶ್ನೆ ಇರ್ಲಿಲ್ಲ ಸರ್."

ಇಷ್ಟು ಬಾಯಿ ಮಾಡುವುದು ನನ್ನ ಹಳೆಯ ಚಾಳಿ. ಆದರೆ ಒಂದು ಮಾತು ಒಪ್ಪಬೇಕು: ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. "ನಿಮ್ಮ ಪಕ್ಕ ಒಂದು ಸ್ಟೂಲ್ ಹಾಕ್ಕೊಂಡು ಕೂರ್ಲಾ ಇವತ್ತು?" ಎಂದು ಕೇಳಿದ. ಅಷ್ಟು ತಿಂಗಳಲ್ಲಿ ಅವನ ಬಾಯಿಂದ ಬಂದ ಮೊದಲ ಹೊಸ ಆಲೋಚನೆ ಅದೇ ಎಂದು ನನಗೆ ಅನ್ನಿಸಿತು. ಹೇಳಲಿಲ್ಲ, ನಾಲಿಗೆ ಕಚ್ಚಿಕೊಂಡೆ.

ಹನ್ನೊಂದರಿಂದ ಒಂದರವರೆಗೆ ಕೂತ. ಮುಂದಿನವರು ಆ ಕಡೆಯಿಂದ ಕತ್ತು ಉದ್ದ ಮಾಡಿ ನೋಡುತ್ತಲೇ ಇದ್ದ. ಹನ್ನೆರಡೂವರೆ ಹೊತ್ತಿಗೆ ಅವನ ಕಿಟಕಿಯಿಂದ ಒಬ್ಬರನ್ನು ನನ್ನ ಕಡೆ ಕಳಿಸಿದ. ವಯಸ್ಸಾದ ಗಂಡಸು, ಕೈಯಲ್ಲಿ ಒಂದು ಹುಡುಗಿಯ ಹಳೇ ಫೋಟೋ. "ನನ್ನ ಮಗಳು. ಎರಡು ವರ್ಷ ಆಯ್ತು ನೋಡಿ" ಅಂದ. ಕಣ್ಣಲ್ಲಿ ನೀರಿತ್ತು. ಪರದೆಯಲ್ಲಿ ಹದಿನೇಳಿತ್ತು. ಏಳು ಪುಟಗಳನ್ನೂ ದಾಟಿದೆ, ಹಿಂದಕ್ಕೆ ಬಂದೆ, ಮತ್ತೆ ದಾಟಿದೆ. "ಈ ಹೆಸರಲ್ಲಿ ಯಾರೂ ಸಿಗ್ತಿಲ್ಲ ಯಜಮಾನ್ರೆ" ಅಂದೆ. ಅವನು ಫೋಟೋ ಒಳಗಿಟ್ಟುಕೊಂಡು ನಿಧಾನ ಮೆಟ್ಟಿಲಿಳಿದ.

"ಅವರು ಕೆಟ್ಟವರು ಅಂತ ನಿಮಗೆ ಹೇಗೆ ಗೊತ್ತು?" ಹೊಸ ಆಲೋಚನೆಯ ದನಿ ಸಣ್ಣದಾಗಿತ್ತು.

"ಗೊತ್ತಿಲ್ಲ. ಮುಖ ನೋಡಿ ಗೊತ್ತಾಗಲ್ಲ ಅನ್ನೋದಷ್ಟೇ ಗೊತ್ತು. ಅವರ ಮಗಳಿಗೆ ಇವತ್ತು ಒಂದು ಕಾಗದ ಬರೀತೀನಿ, ನಿಮ್ಮ ತಂದೆ ಬಂದಿದ್ರು ಅಂತ. ಬೇಕಾದ್ರೆ ಅವಳೇ ಹೋಗ್ತಾಳೆ."

ಅವನು ಎದ್ದು ಉಗ್ರಾಣಕ್ಕೆ ಹೋದ. ಊಟಕ್ಕೂ ಬರಲಿಲ್ಲ. ನಾಲ್ಕು ಗಂಟೆಗೆ ಬಂದು ನನ್ನನ್ನು ಕರೆದುಕೊಂಡು ಹೋಗಿ ಪರದೆ ತೋರಿಸಿದ. ಹದಿನೇಳಿದ್ದವರಲ್ಲಿ ಒಬ್ಬರ ಹೆಸರನ್ನು ಪರೀಕ್ಷೆಗೆಂದು ಒತ್ತಿದಾಗ ಕೆಂಪು ಬಣ್ಣದ ಬೀಗದ ಚಿತ್ರ ಬಂತು. ಕೆಳಗೆ: "ಈ ವ್ಯಕ್ತಿಯ ವಿಳಾಸ ರಕ್ಷಿತವಾಗಿದೆ." ಪಾಪ, ಹೆಮ್ಮೆಯಿಂದ ನನ್ನ ಮುಖ ನೋಡುತ್ತಿದ್ದ.

"ಚೆನ್ನಾಗಿದೆ" ಅಂದೆ. "ಈಗ ಹುಡುಕ್ಕೊಂಡು ಬಂದೋನು ಈ ಊರಿನ ಎಲ್ಲ ಸ್ಕೂಲಿನ ಗೇಟಿನ ಮುಂದೆ ಒಂದೊಂದು ದಿನ ನಿಲ್ತಾನೆ."

"ಅಡ್ರೆಸ್ ಕೊಡ್ಲಿಲ್ಲವಲ್ಲ ಮೇಡಂ."

"ಇದ್ದಾಳೆ ಅಂತ ಹೇಳ್ಬಿಟ್ರಲ್ಲ. ಬೀಗ ತೋರ್ಸಿದ್ರೆ ಒಳಗೆ ಏನೋ ಇದೆ ಅಂತಾಯ್ತು. ನಾನು ಒಂದು ದಿನಾನೂ ಕೊಡಲ್ಲ ಅಂದಿಲ್ಲ. ಸಿಗ್ತಿಲ್ಲ ಅಂದಿದ್ದೀನಿ. ಇಲ್ಲದೇ ಇರೋ ಹೆಸರು ಹೊಡೆದ್ರೆ ನಿಮ್ಮದು ಏನು ಹೇಳುತ್ತೆ?"

"ಮಾಹಿತಿ ಸಿಗಲಿಲ್ಲ ಅಂತ ಬರುತ್ತೆ."

"ಇವರಿಗೂ ಅದೇ ಬರ್ಲಿ. ಅದೇ ಅಕ್ಷರ, ಅದೇ ಬಣ್ಣ, ಅಷ್ಟೇ ಹೊತ್ತು."

"ಸರ್ಕಾರದ ಸಿಸ್ಟಮ್ಮು ಸುಳ್ಳು ಹೇಳೋ ಹಾಗಿಲ್ಲ ಮೇಡಂ."

"ಹತ್ತೊಂಬತ್ತು ವರ್ಷದಿಂದ ಹೇಳ್ತಾ ಇದೆ. ನನ್ನ ಬಾಯಲ್ಲಿ."

ಅವನು ಬೀಗದ ಚಿತ್ರ ಅಳಿಸಿದ. ಆಮೇಲೆ ನಿಜವಾದ ಗಂಟು ಹೇಳಿದ. ಅಳಿಸಲು ಸಾಹೇಬರ ಲಿಖಿತ ಅಪ್ಪಣೆಯಿತ್ತು. ಮರಳಿ ತರಬೇಕಾದರೆ, ಸೋಮವಾರದ ಕಾರ್ಯಕ್ರಮ ಮುಂದಕ್ಕೆ ಹಾಕಬೇಕಾದರೆ, ಯಾಕೆ ಅನ್ನುವುದು ಕಾಗದದ ಮೇಲೆ ಬೇಕು. ಹದಿನೇಳು ಏನು, ಯಾರು ತುಂಬಿದ್ದು, ಯಾವಾಗಿನಿಂದ, ಯಾಕೆ. "ನಿಮ್ಮ ಹೆಸರಿಲ್ಲದೆ ಮಾಡೋಕೆ ಮಧ್ಯಾಹ್ನದಿಂದ ದಾರಿ ಹುಡುಕ್ತಿದ್ದೀನಿ. ಸಿಗ್ತಿಲ್ಲ" ಅಂದ. ಆ ಮಾತು ಕೇಳಿ ಅವನ ಮೇಲೆ ಮೊದಲ ಸಲ ಪ್ರೀತಿ ಬಂತು.

ಅಲ್ಲೇ ಕೂತು ಎರಡು ಪುಟ ಬರೆದೆ. ಮೊದಲ ಪ್ಯಾರಾದಲ್ಲೇ ಇಸ್ತ್ರಿ ಅಂಗಿಯವನನ್ನು ತಂದೆ. ಅವನಿಗೆ ಆ ನಕಲು ಕೊಟ್ಟವಳು ನಾನು, ಬೇಗ ಕೊಟ್ಟವಳೂ ನಾನು, ಕೇಳಿದಾಗ ಹೇಳದೇ ಇದ್ದವಳೂ ನಾನು. ಕೊನೆಯಲ್ಲಿ ಬಾಲದ ಸಹಿ.

ಸಾಹೇಬರು ಓದಿ ಕನ್ನಡಕ ತೆಗೆದಿಟ್ಟರು. "ಏನಮ್ಮಾ ಇದು? ಇದನ್ನ ನಾನು ಮೇಲಕ್ಕೆ ಕಳಿಸ್ಲೇಬೇಕಾಗುತ್ತೆ. ಎಂಟು ತಿಂಗಳು ತಡ್ಕೊಳ್ಳೋಕಾಗಲ್ವಾ?"

"ನನಗೆ ಆಗುತ್ತೆ ಸರ್. ಅವರಿಗೆ ಸೋಮವಾರದವರೆಗೆ ಮಾತ್ರ."

ಸಾಹೇಬರು ನಿಟ್ಟುಸಿರು ಬಿಟ್ಟು ಮಂತ್ರಿಗಳ ಕಚೇರಿಗೆ ಫೋನು ಮಾಡಿದರು. ತಾಂತ್ರಿಕ ಕಾರಣ ಅಂದರು. ಬೀಳ್ಕೊಡುಗೆ ಒಂದು ತಿಂಗಳು ಮುಂದಕ್ಕೆ ಹೋಯಿತು. ನನಗೆ ಹತ್ತನೇ ದಿನ ಮೆಮೋ ಬಂತು: ವಿವರಣೆ ಕೊಡಿ, ವಿಚಾರಣೆ ಬಾಕಿಯಿದೆ. ಮುಂದಿನವರು ಅದನ್ನು ಓದಿ, ಕೆಳಗಿದ್ದ ಸಹಿ ನೋಡಿ, "ಇವರ ಸಹಿಗೆ ಬಾಲನೇ ಇಲ್ಲ, ಲೆಕ್ಕಕ್ಕಿಲ್ಲ ಬಿಡಿ" ಅಂದ. ನಗಿಸಲೆಂದೇ ಹೇಳಿದ್ದು. ನಕ್ಕೆ.

ಹೊಸ ವ್ಯವಸ್ಥೆಯಲ್ಲಿ ಕೊನೆಗೂ ಒಂದು ಕಾಲಮ್ ಬಂತು. ಆದರೆ ಅದರಲ್ಲಿ ಗುರುತು ಹಾಕಬೇಕಾದರೆ ಆ ಇನ್ನೂರ ಹನ್ನೆರಡು ಜನರೂ ಖುದ್ದಾಗಿ ಬಂದು ಅರ್ಜಿಗೆ ಸಹಿ ಮಾಡಬೇಕು. "ಫೋನ್ ಮಾಡಿ ಕರೆಸಿ" ಅಂದರು ಸಾಹೇಬರು. ಹೊಸ ಆಲೋಚನೆ ನನ್ನ ಮುಖ ನೋಡಿದ, ನಾನು ಅವನ ಮುಖ. ಎಲ್ಲರ ಫೋನ್ ನಂಬರೂ ಹದಿನೇಳು! ಅಷ್ಟು ದಿನದ ಮೇಲೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಹೇಬರಿಗೆ ಯಾಕೆಂದು ತಿಳಿಯಲಿಲ್ಲ.

ಕಚೇರಿಯ ಹೆಸರಿಲ್ಲದ ಬಿಳಿ ಲಕೋಟೆ ತರಿಸಿ, ಕೈಬರಹದಲ್ಲಿ ಇನ್ನೂರ ಹನ್ನೆರಡು ಪತ್ರ ಬರೆದೆವು. ಅದರಲ್ಲಿ ಮೂವತ್ತು ಮುಂದಿನವರು ಬರೆದ, ಉಳಿದದ್ದು ನಾನು. ಹೊಸ ಆಲೋಚನೆಯ ಕೈಬರಹ ಅವನಿಗೇ ಓದಲು ಬರುತ್ತಿರಲಿಲ್ಲ, ಅವನು ಅಂಟು ಹಚ್ಚಿದ. ಜನ ಒಬ್ಬೊಬ್ಬರಾಗಿ ಬಂದರು.

ಆ ಮೊದಲನೆಯವಳು ಬಂದದ್ದು ಎರಡನೇ ವಾರದ ಬುಧವಾರ. ಪುಸ್ತಕ ಬೈಂಡಿಂಗ್ ಮಾಡುವ ಒಂದು ಅಂಗಡಿಯಲ್ಲಿ ಅವಳಿಗೆ ಕೆಲಸ. ಬಂದಾಗಲೆಲ್ಲ ಕೈಗಳಿಂದ ಅಂಟಿನ ವಾಸನೆ ಬರುತ್ತದೆ, ಬಲಗೈ ಮಣಿಕಟ್ಟು ಇಂದಿಗೂ ಪೂರ್ತಿ ತಿರುಗುವುದಿಲ್ಲ. ಈ ವರ್ಷಗಳಲ್ಲಿ ನಾಲ್ಕು ಸಲ ಮನೆ ಬದಲಾಯಿಸಿದ್ದಳು. ಮೂರನೇ ಸಲಕ್ಕೆ ಮೇಡಂ ಹೋಗಿ ನಾನು ಅಕ್ಕ ಆಗಿದ್ದೆ. ಮಗಳು ನರ್ಸಿಂಗ್ ಮುಗಿಸಿದ ಸುದ್ದಿಯನ್ನು ಈ ಕಿಟಕಿಯಲ್ಲೇ ಹೇಳಿದ್ದಳು.

ಅರ್ಜಿ ಓದಿ ಎಡಗೈಯಲ್ಲಿ ಸಹಿ ಹಾಕಿದಳು. ಈಗ ಆ ಕೈಗೆ ಚೆನ್ನಾಗಿ ರೂಢಿಯಾಗಿತ್ತು. ನಾನು ಕಾಗದ ತೆಗೆದುಕೊಳ್ಳಲಿಲ್ಲ.

"ನಿನಗೊಂದು ವಿಷಯ ಹೇಳ್ಬೇಕು. ಮೊದಲನೇ ಸಲ ಬಂದಾಗ ನೀನೊಂದು ಪ್ರಶ್ನೆ ಕೇಳಿದ್ದೆ. ರೆಕಾರ್ಡ್ ನೋಡಿ ಹೇಳ್ತೀನಿ ಅಂದಿದ್ದೆ ನಾನು."

ಅವಳು ಪೆನ್ನು ಕೆಳಗಿಟ್ಟಳು.

"ನಿನ್ನ ಅಡ್ರೆಸ್ ಅವನಿಗೆ ಕೊಟ್ಟಿದ್ದು ನಾನೇ. ನಾನೇ ಬೇಗ ಮಾಡಿಸಿ ಕೊಟ್ಟೆ."

ಹಾಲಿನಲ್ಲಿ ಯಾವುದೋ ಮಗು ಅಳುತ್ತಿತ್ತು. ಪಕ್ಕದಲ್ಲಿ "ಮುಂದಿನವರು!" ಎಂದು ಕೂಗಬೇಕಾದವನು ಕೂಗಲಿಲ್ಲ.

"ಗೊತ್ತು ಅಕ್ಕ" ಅಂದಳು.

"ಗೊತ್ತಾ?"

"ಆ ಕಾಗದಾನ ಅವನು ನನ್ನ ಮುಖದ ಮುಂದೆ ಹಿಡಿದಿದ್ದ, ಸರ್ಕಾರನೇ ಕೊಟ್ಟಿದೆ ನೋಡು ಅಂತ. ಕೆಳಗೆ ಅಂಚಿನ ತನಕ ಎಳೆದ ಸಹಿ. ನನ್ನದು ಕಾಗದದ ಕೆಲ್ಸ ಅಕ್ಕ, ಒಂದು ಸಲ ನೋಡಿದ್ರೆ ಮರೆಯಲ್ಲ. ಪ್ಲಾಸ್ಟರ್ ಹಾಕ್ಕೊಂಡು ಬಂದ ದಿನ ನನ್ನ ಹೊಸ ಅಡ್ರೆಸ್ಸಿನ ಕಾಗದಕ್ಕೂ ಅದೇ ಸಹಿ ಹಾಕಿಕೊಟ್ರಲ್ಲ. ಮನೆಗೆ ಹೋಗಿ ಬಿಡಿಸಿ ನೋಡಿದೆ."

"ಮತ್ಯಾಕೆ ಪ್ರತಿ ಸಲ ನನ್ನ ಕಿಟಕಿಗೇ ಬಂದೆ? ಇಪ್ಪತ್ತು ಕಿಟಕಿ ಇತ್ತಲ್ಲ?"

"ಕೊಟ್ರೆ ಏನಾಗುತ್ತೆ ಅಂತ ಮಿಕ್ಕ ಹತ್ತೊಂಬತ್ತು ಜನಕ್ಕೆ ಗೊತ್ತಿರ್ಲಿಲ್ಲ. ನಿಮಗೆ ಗೊತ್ತಿತ್ತು" ಅಂದಳು. "ಮೊದಮೊದಲು ನಿಮ್ಮ ಮೇಲೆ ತುಂಬಾ ಕೋಪ ಇತ್ತು. ಯಾವತ್ತಾದ್ರೂ ಹೇಳ್ತಾರೇನೋ ಅಂತ ನೋಡ್ತಿದ್ದೆ. ಆಮೇಲೆ ನೋಡೋದು ಬಿಟ್ಟೆ. ಬರೋದು ಬಿಡ್ಲಿಲ್ಲ."

ಕ್ಷಮಿಸು ಎಂದು ಹೇಳಿದೆ. ಹೇಳಲು ಆ ಒಂದೇ ಮಾತಿತ್ತು, ಅದು ಎಷ್ಟು ಸಣ್ಣದೆಂದು ಹೇಳುವಾಗಲೇ ತಿಳಿಯಿತು. ಅವಳು ಅರ್ಜಿಯನ್ನು ಗಾಜಿನ ಕೆಳಗಿನಿಂದ ನನ್ನ ಕಡೆ ಸರಿಸಿದಳು.

ಹೊಸ ಪರದೆಯಲ್ಲಿ ಎಲ್ಲ ತುಂಬಿದೆ. ಕೊನೆಗೆ ಫೋನ್ ನಂಬರಿನ ಜಾಗಕ್ಕೆ ಬಂದು ಕೈ ತಾನಾಗಿ ಒಂದು, ಏಳು ಒತ್ತಿತು. ಹೊಸ ಯಂತ್ರ ನುಂಗಲಿಲ್ಲ, ಸರಿಯಾದ ಸಂಖ್ಯೆ ಕೊಡಿ ಅಂದಿತು. ಅದನ್ನು ಖಾಲಿ ಬಿಡಬಹುದಿತ್ತು, ಹೊಸ ಆಲೋಚನೆ ಇಂಥವರಿಗಾಗಿಯೇ ಹಾಗೆ ಮಾಡಿಸಿದ್ದ. "ಇದು ಬೇಕಾಗಿಲ್ಲ, ಬಿಟ್ಬಿಡ್ತೀನಿ" ಅಂದೆ.

"ನಿಲ್ಲಿ ಅಕ್ಕ. ಇಷ್ಟು ವರ್ಷ ಯಾವ ಆಫೀಸಿಗೂ ನನ್ನ ನಂಬರ್ ಕೊಟ್ಟಿಲ್ಲ ನಾನು" ಅಂದಳು.

ಆಮೇಲೆ ಗಾಜಿನ ಹತ್ತಿರ ಬಗ್ಗಿ, ಬೇರೆ ಯಾರಿಗೂ ಕೇಳದಂತೆ, ಒಂದೊಂದೇ ಅಂಕಿಯಾಗಿ ಹೇಳತೊಡಗಿದಳು. ನಾನು ಎರಡು ಸಲ ತಪ್ಪು ಒತ್ತಿದೆ. ಎರಡು ಸಲವೂ ಅವಳು ಮೊದಲಿನಿಂದ ಹೇಳಿದಳು.